ಒಳಗಿನಿಂದ ಚುಚ್ಚಿದ ಕೋಲು

"ಅಜ್ಜಾ, ಒಂದು ಚರ್ಚನ್ನು ಒಳಗೇ ಕೂತು ಸರಿಮಾಡಲು ಆಗುತ್ತದೆಯೇ, ಇಲ್ಲ ಎದ್ದು ಹೋಗುವುದೇ ನ್ಯಾಯವೇ?" ಎಂದು ದೀನಮಣಿ ಕೇಳಿದಳು.

ಚರ್ಚಿನ ಸಭೆಯನ್ನೇ ಬಿಡುವುದಾಗಿ ಬರೆದ ಪತ್ರ ಅವಳ ಸೆರಗಿನ ಗಂಟಿನಲ್ಲಿತ್ತು. ಕರ್ತನ ಭೋಜನದ ದಿನ ಎಲ್ಲರೂ ಒಂದೊಂದು ಗುಟುಕು ದ್ರಾಕ್ಷಾರಸ ಕುಡಿಯುವ ಪಾನಪಾತ್ರೆ ಅವಳ ಕೇರಿಯವರಿಗೆ ಬರುತ್ತಿದ್ದದ್ದು ಉಳಿದವರೆಲ್ಲ ಕುಡಿದ ಮೇಲೆ. ಅವಳ ತಾಯಿ ಸಾಯುವವರೆಗೂ ಹಾಗೆ ಕೊನೆಯ ಸಾಲಿನಲ್ಲೇ ಆ ಪಾತ್ರೆಗೆ ಕಾದಳು. ಹತ್ತು ವರ್ಷದಿಂದ ದೀನಮಣಿ ಹಿರಿಯರ ಮುಂದೆ ಇದನ್ನೇ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು. ಬರುವ ತಿಂಗಳು ಅವಳ ಮಗಳು ಮೊದಲ ಸಲ ಆ ಪಾತ್ರೆಗೆ ತುಟಿ ಇಡಬೇಕಿತ್ತು.

ನತಾನಿಯೇಲಜ್ಜ ಹಂಚು ಹೊದಿಸುವ ಕೆಲಸದವನು. ಅಕ್ಷರ ಬಾರದು. ಆದರೆ ದೀನಮಣಿಗೆ ಕೀರ್ತನೆಗಳನ್ನೆಲ್ಲ ಬಾಯಲ್ಲೇ ಕಲಿಸಿದ ಗುರು ಅವನೇ. ತನ್ನ ಹೆಚ್ಚುಗಾರಿಕೆ ಹೇಳಲು ಕೂತರೆ ಅವನಿಗೆ ಊಟದ ಹೊತ್ತೂ ನೆನಪಾಗುತ್ತಿರಲಿಲ್ಲ. ಈ ಸಲ ಮಾತ್ರ ಮೀಸೆ ತೀಡಿಕೊಂಡು, ಕತೆ ಹೇಳಿದ.

ಒಂದು ಊರಲ್ಲಿ ಒಂದು ಚರ್ಚಿತ್ತು. ಎಷ್ಟು ದೊಡ್ಡದೆಂದರೆ, ಈ ಬಾಗಿಲಲ್ಲಿ ಒಳಹೊಕ್ಕ ಪಾರಿವಾಳ ಆ ಬಾಗಿಲಲ್ಲಿ ಹೊರಬೀಳುವಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿರುತ್ತಿತ್ತು. ಲಕ್ಷ ಹಂಚಿನ ಮಾಡು. ಅದರಲ್ಲಿ ಒಂದೇ ಒಂದು ಹಂಚು ಒಡೆದಿತ್ತು. ನೀರು ಬೀಳುತ್ತಿದ್ದದ್ದು ಹಿಂದಿನ ಬೆಂಚಿನ ಒಬ್ಬ ವಿಧವೆಯ ನೆತ್ತಿಯ ಮೇಲೆ. ಮುಂದೆ ಕೂತ ಹಿರಿಯನಿಗೆ ಒಂದು ಹನಿಯೂ ತಾಗುತ್ತಿರಲಿಲ್ಲ. "ಮಿಂದು ತಲೆ ಒರೆಸಿಕೊಳ್ಳದೆ ಬರುತ್ತಾಳೆ" ಎಂದು ಅವನು ನಗುತ್ತಿದ್ದ. ವರ್ಷಕ್ಕೊಮ್ಮೆ ಹಂಚಿನವನೊಬ್ಬ ಮೇಲೆ ಹತ್ತಿ, ಆಚೀಚೆ ನಡೆದು, ಎಲ್ಲ ಸರಿಯಿದೆ ಎಂದು ಇಳಿದು ಹೋಗುತ್ತಿದ್ದ.

ಒಂದು ದಿನ ವಿಧವೆ ಬೇಸತ್ತು ಎದ್ದು ಹೋದಳು. ಅಂಗಳದಲ್ಲಿ ನಿಂತು ಮೇಲೆ ನೋಡಿದಳು. ಹಂಚುಗಳೆಲ್ಲ ಕೆಂಪಗೆ, ಸಾಲಾಗಿ, ಚೆಂದವೇ ಕಂಡವು. ತನ್ನನ್ನು ನೆನೆಸಿದ ಹಂಚು ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ. ಮರಳಿ ಒಳಗೆ ಬಂದಳು.

ಬಿಸಿಲು ಬಿದ್ದ ಭಾನುವಾರ ಅವಳ ಮಡಿಲಲ್ಲಿ ಹುಣಿಸೆ ಬೀಜದಷ್ಟು ಬೆಳಕು ಬಂದು ಕೂತಿತು. ತಲೆಯೆತ್ತಿದಳು. ತೂತು ಸಿಕ್ಕಿತು. ಕಾಣಿಕೆ ಎತ್ತುವ ಚೀಲ ಕಟ್ಟಿದ ಉದ್ದನೆಯ ಕೋಲು ತಂದು, ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿ, ಆ ತೂತಿಗೆ ಚುಚ್ಚಿ ಹಿಡಿದಳು.

"ಏನಮ್ಮಾ, ಚರ್ಚನ್ನು ಒಡೆಯುತ್ತೀಯಾ?" ಎಂದ ಹಿರಿಯ.

"ಒಡೆದದ್ದನ್ನು ತೋರಿಸುತ್ತಿದ್ದೇನೆ, ಅಯ್ಯಾ" ಎಂದಳು ಅವಳು.

ಏಳು ಭಾನುವಾರ ಹಾಗೇ ಹಿಡಿದಳು. ಮತ್ತೆ ಮಳೆ ಬಂದಾಗ ನೀರು ಕೋಲಿನುದ್ದಕ್ಕೂ ಇಳಿದು ಅವಳು ಮೊದಲಿಗಿಂತ ಹೆಚ್ಚು ನೆನೆದಳು. ಅವಳ ಕೈ ಸೋತಾಗ ಪಕ್ಕದವಳು ಹಿಡಿದಳು. ಅವಳೂ ಸೋತಾಗ ಇನ್ನೊಬ್ಬಳು ಬೆಂಚು ಹತ್ತಿದಳು. ಏಳನೆಯ ವಾರ ಹಿರಿಯ, ಸಾಕಪ್ಪಾ ಸಾಕು ಎಂದು ಹಂಚಿನವನನ್ನು ಕರೆಸಿದ. ಅವನು ಮೇಲೆ ಹತ್ತಿದಾಗ, ಲಕ್ಷ ಹಂಚಿನ ನಡುವೆ ಕೋಲಿನ ತುದಿ ಹೊಸ ಮೊಳಕೆಯ ಹಾಗೆ ನಿಂತಿತ್ತು. ಬಾಯಲ್ಲಿದ್ದ ಬೀಡಿ ಮುಗಿಯುವ ಮೊದಲೇ ಕೆಲಸ ಮುಗಿಯಿತು. ಮುಂದಿನ ಮಳೆಗೆ ವಿಧವೆ ಒಣ ತಲೆಯಲ್ಲಿ ಕೂತು ಹಾಡಿದಳು.

ದೀನಮಣಿ ಸಿಡುಕಿದಳು. "ಆ ಹಂಚಿನವರು ನೀವೇ ತಾನೇ? ಮೂರು ತಾಲೂಕಿನಲ್ಲಿ ನಿಮ್ಮಂಥ ಕೆಲಸಗಾರ ಹುಟ್ಟಿಲ್ಲ ಎನ್ನುತ್ತೀರಿ. ಹಾಗಾದರೆ ಆ ಹೆಂಗಸನ್ನು ಅಷ್ಟು ವರ್ಷ ಯಾಕೆ ನೆನೆಯಲು ಬಿಟ್ಟಿರಿ? ಮೇಲಿದ್ದವರು ನೀವೇ ನೋಡಿ ಸರಿಮಾಡಬಾರದಿತ್ತೇ?"

ಅಜ್ಜ ಮೀಸೆಯಿಂದ ಕೈ ತೆಗೆದ.

"ನಲವತ್ತು ಚರ್ಚಿನ ಮಾಡು ಹತ್ತಿದ್ದೇನೆ ಮಗಳೇ, ಮೇಲಿನಿಂದ ಒಂದು ತೂತನ್ನೂ ನಾನು ಕಂಡವನಲ್ಲ."