ಸಾಹೇಬರ ಹುಲ್ಲುಹಾಸು

ಬಳ್ಳಾರಿ ಕಡೆಯ ಒಂದು ಕಚೇರಿಗೆ ಹೊಸದಾಗಿ ಬಂದ ಸಾಹೇಬರಿಗೆ ಹುಲ್ಲುಹಾಸಿನ ಹುಚ್ಚು. ಅಂಗಳದ ಬೇವಿನ ಮರ ಅವರ ಕಣ್ಣಿಗೆ ಚುಚ್ಚಿತು.

"ಇದನ್ನ ಕಡಿಸಿ ಇಲ್ಲೂ ಹುಲ್ಲು ಬೆಳೆಸು. ಹುಲ್ಲು ಕೂಡ ಆಮ್ಲಜನಕ ಕೊಡ್ತದೆ, ಗಾಳಿ ಶುದ್ಧ ಮಾಡ್ತದೆ," ಎಂದು ತೋಟದ ಕೆಲಸದ ಹೊನ್ನೂರಮ್ಮನಿಗೆ ಅಪ್ಪಣೆ ಮಾಡಿದರು. ಗರಗಸದವರು ಮಧ್ಯಾಹ್ನಕ್ಕೇ ಬರುವವರಿದ್ದರು.

ಹೊನ್ನೂರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಚೇರಿಯಲ್ಲಿ ಕೆಲಸವಿದ್ದು ಬಂದ ಮುದುಕರು, ಕೂಸು ಎತ್ತಿಕೊಂಡ ತಾಯಂದಿರು ಸರದಿಗೆ ಕಾಯುತ್ತಿದ್ದುದೇ ಆ ಮರದ ನೆರಳಲ್ಲಿ. ಗೇಟಿನ ತನಕ ನಾಲ್ಕು ಸಲ ಹೋಗಿ ಬಂದಳು. ಐದನೇ ಸಲ ನೇರ ಸಾಹೇಬರ ಕೋಣೆಗೇ ನುಗ್ಗಿದಳು.

"ಸಾಹೇಬ್ರ, ಹುಲ್ಲು ಎಲ್ಲಿ ತನಕ ಬೇಕು ಅಂತ ತಾವೇ ನಿಂತು ಗುರುತು ಹಾಕಿಸ್ರಿ. ನಾ ಓದಿದಾಕಿ ಅಲ್ಲ, ತಪ್ಪಿದ್ರ?"

ಸಾಹೇಬರು ಉಬ್ಬಿಹೋಗಿ ಬಿಸಿಲಿಗೆ ಇಳಿದರು. ಹೊನ್ನೂರಮ್ಮ ಅಳತೆಯ ಹಗ್ಗವನ್ನು ಒಮ್ಮೆ ಇತ್ತ ಎಳೆದಳು, ಒಮ್ಮೆ ಅತ್ತ. ನಡುವೆ ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರವನ್ನೂ ಶುರು ಮಾಡಿದಳು. ಹೊಗೆ ಗುಪ್ಪೆಂದು ಎದ್ದಿತು. ಸಾಹೇಬರು ಬೆವೆತರು, ಕೆಮ್ಮಿದರು, ಕೊನೆಗೆ ಓಡಿಹೋಗಿ ಬೇವಿನ ಬುಡಕ್ಕೆ ಒರಗಿದರು.

"ಅಯ್ಯ, ಅಲ್ಲಿ ನಿಂದರಬ್ಯಾಡ್ರಿ!" ಹೊನ್ನೂರಮ್ಮ ಕೂಗಿದಳು. "ಅದು ಕಡಿಯೋ ಮರ. ಆಮ್ಲಜನಕ ಈ ಕಡೆ ಐತ್ರಿ!"

ನೆರಳಲ್ಲಿದ್ದವರೆಲ್ಲ ನಕ್ಕರು. ಸಾಹೇಬರು ತಲೆಯೆತ್ತಿ ಕೊಂಬೆಗಳನ್ನು ನೋಡಿದರು. ಅಷ್ಟರಲ್ಲಿ ಗರಗಸದವರು ಗೇಟಿನೊಳಗೆ ಬಂದರು.

"ಇವತ್ತು ಬೇಡ," ಎಂದರು ಸಾಹೇಬರು. ಆಮೇಲೆ ದನಿ ತಗ್ಗಿಸಿದರು. "ನಾಳೇನೂ ಬೇಡ. ಹೊನ್ನೂರಮ್ಮ, ಇಲ್ಲಿಗೊಂದು ಕುರ್ಚಿ ತರಿಸವ್ವ."