ಹಾಲೇಶ ಮಾಡಿದ ಮೇಣದಬತ್ತಿ

ಹೊಳೆದಂಡೆಯ ಆಶ್ರಮದಲ್ಲಿ ದಿನಾ ಮುಸ್ಸಂಜೆ ಪುರಾಣ ಓದುತ್ತಿದ್ದರು. ಓದುವ ಕೋಣೆಗೆ ಬೆಳಕು ಮಾಡುವ ಕೆಲಸ ಶಿಷ್ಯ ಹಾಲೇಶನದು.

ಅವನು ಪೇಟೆಯಿಂದ ದಪ್ಪ ದಪ್ಪ ಬಣ್ಣದ ಮೇಣದಬತ್ತಿ ತಂದಿದ್ದ. ಹಚ್ಚಿದರೆ ಉದ್ದನೆಯ ಉರಿ, ಕೋಣೆ ತುಂಬ ಮಲ್ಲಿಗೆಯ ವಾಸನೆ. ಬಂದವರೆಲ್ಲ ಹೊಗಳಿದರು.

ಊರಿನಿಂದ ಪುರಾಣ ಕೇಳಲು ಬರುತ್ತಿದ್ದ ತಿಪ್ಪಜ್ಜಿ ಮಾತ್ರ ಒಳಗೆ ಬರುವುದನ್ನೇ ಬಿಟ್ಟಳು. ಮೂಗಿಗೆ ಸೆರಗು ಒತ್ತಿಕೊಂಡು ಹೊರಗೆ ಜಗಲಿಯ ಮೇಲೆ ಕೂರತೊಡಗಿದಳು.

ಹಾಲೇಶನಿಗೆ ಅದು ಚುಚ್ಚಿತು. ಗುರು ಮರುಳಯ್ಯನವರ ಹತ್ತಿರ ಹೋಗಿ ದೂರಿದ.

“ತಿಪ್ಪಜ್ಜಿಗೆ ಭಕ್ತಿ ಕಡಿಮೆಯಾಗಿದೆ ಗುರುಗಳೇ. ಇಷ್ಟು ಚಂದ ಬೆಳಕು ಮಾಡಿದರೂ ಒಳಗೆ ಕೂರುವುದಿಲ್ಲ.”

“ಯಾಕೆ ಅಂತ ಅವಳನ್ನು ಕೇಳಿದೆಯಾ?”

“ಇಲ್ಲ.”

ಗುರುಗಳು ಒಂದು ಬಿಳಿ ಪಿಂಗಾಣಿ ತಟ್ಟೆ ತರಿಸಿ ಮೇಣದಬತ್ತಿಯ ಉರಿಯ ಮೇಲೆ ಹಿಡಿದರು. ತುಸು ಹೊತ್ತಿನ ಮೇಲೆ ತಿರುಗಿಸಿದರೆ ತಟ್ಟೆಯ ತಳವೆಲ್ಲ ಕಪ್ಪು. ಅದನ್ನು ಬೆರಳಿನಿಂದ ಸವರಿ, ಹಾಲೇಶನ ಮೂಗಿನ ತುದಿಗೆ ಹಚ್ಚಿದರು.

“ಅವಳಿಗೆ ಉಬ್ಬಸ. ಈ ಮಸಿಯನ್ನು ಉಸಿರಾಡಲಾರಳು. ಆದರೂ ಎದ್ದು ಮನೆಗೆ ಹೋಗಲಿಲ್ಲ. ಭಕ್ತಿ ಕಡಿಮೆ ಅಂದೆಯಲ್ಲ, ಯಾರದು?”

ಹಾಲೇಶ ಬಣ್ಣದ ಮೇಣದಬತ್ತಿಯನ್ನು ಊದಿ ಆರಿಸಿದ.

ಬೆಳಗಾದೊಡನೆ ಕಾಡಿನ ಅಂಚಿಗೆ ಹೋಗಿ, ಜೇನು ಕೀಳುವವರಿಂದ ಜೇನುಮೇಣ ಕೇಳಿ ತಂದ. ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹತ್ತಿಯ ಬತ್ತಿ ಹೊಸೆದು, ಮೇಣ ಎರೆದ. ಹಚ್ಚಿ ತಟ್ಟೆ ಹಿಡಿದು ನೋಡಿದ.

ಮತ್ತೆ ಕಪ್ಪು.

“ಗುರುಗಳೇ, ಎಲ್ಲಿ ತಪ್ಪಿದೆ ಹೇಳಿಕೊಡಿ.”

“ನನಗೇನು ಗೊತ್ತಪ್ಪ? ನಾನು ಯಾವತ್ತು ಮೇಣದಬತ್ತಿ ಮಾಡಿದ್ದೇನೆ?”

ಹಾಲೇಶ ಉರಿಯ ಮುಂದೆಯೇ ಕೂತ. ಬತ್ತಿ ದಪ್ಪವಾಗಿದೆ ಅನ್ನಿಸಿತು, ತೆಳ್ಳಗೆ ಹೊಸೆದ. ತುದಿ ಉದ್ದವಾದರೆ ಹೊಗೆ ಬರುವುದು ಕಂಡಿತು, ಕತ್ತರಿಸಿ ಗಿಡ್ಡ ಮಾಡಿದ. ಕಿಟಕಿಯ ಗಾಳಿಗೆ ಉರಿ ಓಲಾಡಿದಾಗಲೂ ಹೊಗೆ ಏಳುತ್ತಿತ್ತು. ಮೇಣದಬತ್ತಿಯನ್ನು ಮೂಲೆಗೆ ಸರಿಸಿದ. ಎಷ್ಟು ಮೇಣ ಕರಗಿತೋ, ಎಷ್ಟು ಸಲ ತಟ್ಟೆ ತೊಳೆದನೋ.

ಕೊನೆಗೊಮ್ಮೆ ತಟ್ಟೆ ಬೆಳ್ಳಗೇ ಉಳಿಯಿತು.

ಮುಸ್ಸಂಜೆ ತಿಪ್ಪಜ್ಜಿ ಬಂದು ಕೂತೊಡನೆ ಅವನು ಜಗಲಿಗೆ ಓಡಿದ. “ಅಜ್ಜಿ, ಒಳಗೆ ಬಾ. ತಡೆಯಲಾಗದಿದ್ದರೆ ನಾನೇ ಆರಿಸುತ್ತೇನೆ.”

ತಿಪ್ಪಜ್ಜಿ ಹೊಸ್ತಿಲಲ್ಲಿ ಅನುಮಾನಿಸುತ್ತ ನಿಂತಳು. ಸೆರಗು ಸರಿಸಿದಳು. ಒಂದು ಉಸಿರು ಎಳೆದಳು, ಇನ್ನೊಂದು ಎಳೆದಳು. ಆಮೇಲೆ ಒಳಗೆ ನಡೆದು, ಓದುವವರ ಎದುರಿಗೇ ಕಾಲು ಮಡಿಸಿ ಕೂತಳು.

“ನೀನೇ ಮಾಡಿದ್ದೇನೋ ಮಗಾ?”

“ಹೂಂ ಅಜ್ಜಿ.”

“ಚಲೋ ಮಾಡೀಯ.”

ಅಂದು ಪುರಾಣ ಮುಗಿಯುವವರೆಗೂ ಅವಳು ಒಮ್ಮೆಯೂ ಕೆಮ್ಮಲಿಲ್ಲ. ಹಾಲೇಶನ ಕಿವಿಗೆ ಪುರಾಣ ಬೀಳಲೇ ಇಲ್ಲ. ಅವನು ಅಜ್ಜಿಯ ಉಸಿರನ್ನೇ ಕೇಳುತ್ತಿದ್ದ.

ಎಲ್ಲರೂ ಹೋದ ಮೇಲೆ ಗುರುಗಳ ಮುಂದೆ ಕೈಕಟ್ಟಿ ನಿಂತ.

“ತಪ್ಪಾಯಿತು ಗುರುಗಳೇ.”

“ಈಗೇನಾಯಿತು?”

“ಒಳಗೊಳಗೇ ಹೆಮ್ಮೆ ಉಕ್ಕುತ್ತಿದೆ. ಎಷ್ಟು ಅದುಮಿದರೂ ಅಡಗುತ್ತಿಲ್ಲ.”

ಮರುಳಯ್ಯನವರು ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು.

“ನನಗೂ ಅಷ್ಟೇ. ಬಾ, ಕೂತುಕೋ.”