ಬಿಸಿಲುಬಂಡೆಯ ಮೇಲೆ ನಿಂತ ಟಿಟ್ಟಿಭ

ಮಕ್ಕಳೇ, ಕುರುಚಲು ಕಾಡಿನ ನಡುವಿನ ಒಂದು ಕೆರೆಯ ದಡದಲ್ಲಿ ತೀಕ್ಷ್ಣಕಂಠನೆಂಬ ಟಿಟ್ಟಿಭ ಹಕ್ಕಿ ತನ್ನ ಹೆಂಡತಿ ಸಿಕತೆಯೊಂದಿಗೆ ವಾಸಿಸುತ್ತಿದ್ದ. ಟಿಟ್ಟಿಭಗಳು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರಿನೆಲವನ್ನು ಕೆದರಿ ಅಲ್ಲಿಯೇ ಮೊಟ್ಟೆಯಿಡುತ್ತವೆ. ಹಿಂದಿನ ವರ್ಷ ಸಿಕತೆಯ ನಾಲ್ಕು ಮೊಟ್ಟೆಗಳನ್ನೂ ಮುಂಗುಸಿ ತಿಂದುಹೋಗಿತ್ತು. ಈ ವರ್ಷ ಅವಳು ಮೊಟ್ಟೆಯಿಡುವ ದಿನಗಳು ಮತ್ತೆ ಹತ್ತಿರ ಬಂದಿದ್ದವು.

ಅಷ್ಟರಲ್ಲಿ ಆಮೆಗಳಿಗೆ ಕಾವಲುಗಾರ ಬೇಕಾಗಿದ್ದಾನೆಂಬ ಸುದ್ದಿ ಬಂತು. ಕೆರೆಯ ನಡುವಿನ ಮರಳುದಿಬ್ಬದಲ್ಲಿ ಆಮೆಗಳು ತಮ್ಮ ಮೊಟ್ಟೆಗಳನ್ನು ಹೂತಿಡುತ್ತಿದ್ದವು. ದಡದಿಂದ ಅಲ್ಲಿಗೆ ಇದ್ದದ್ದು ಒಂದೇ ಕಿರುದಾರಿ. ಅಲ್ಲಿ ಮುಂಗುಸಿ ಕಾಣಿಸಿದೊಡನೆ ಕಾವಲುಗಾರ ಕೂಗಬೇಕು. ಆಮೆಗಳೆಲ್ಲ ಬಂದು ದಾರಿಗೆ ಅಡ್ಡಲಾಗಿ ಗೋಡೆಯಂತೆ ನಿಲ್ಲುತ್ತವೆ. ಕೆಲಸ ಸಿಕ್ಕಿದವರ ಸಂಸಾರಕ್ಕೆ ದಿಬ್ಬದ ಮೇಲೆಯೇ ಜಾಗ.

ತೀಕ್ಷ್ಣಕಂಠ ಗರಿಗಳನ್ನು ಒಪ್ಪಮಾಡಿಕೊಂಡು ಸಂದರ್ಶನಕ್ಕೆ ಹೋದ. ಆಮೆಗಳ ಹಿರಿಯಳಾದ ಕಲ್ಲಜ್ಜಿ ದಡದ ತೆಳುನೀರಿನಲ್ಲಿ ಕುಳಿತಿದ್ದಳು.

"ನಿನ್ನ ವಿಚಾರ ಹೇಳು, ಮಗು."

"ನಮ್ಮದು ಸಾಮಾನ್ಯ ಕುಲವಲ್ಲ, ಅಜ್ಜಿ. ಅಂಗಾತ ಮಲಗಿ, ಕಾಲು ಮೇಲೆತ್ತಿ, ಬೀಳುವ ಆಕಾಶವನ್ನು ತಡೆದು ನಿಲ್ಲಿಸಿದವರು ನಾವು."

"ನೂರು ವರ್ಷದಿಂದ ಈ ದಡದಲ್ಲಿದ್ದೇನೆ. ಹಾಗೆ ಮಲಗಿದ ಟಿಟ್ಟಿಭವನ್ನು ನಾನಂತೂ ಕಂಡಿಲ್ಲ," ಎಂದಳು ಕಲ್ಲಜ್ಜಿ, ಬೇಸರವಿಲ್ಲದೆ. "ಆಕಾಶದ ಮಾತಿರಲಿ. ಎಲ್ಲಿ, ಒಮ್ಮೆ ಕೂಗು, ನೋಡೋಣ."

ಅವನು ಕೂಗಿದ. ಆಚೆ ದಡದ ಜೊಂಡು ಕೂಡ ನಡುಗಿತು. ಕಲ್ಲಜ್ಜಿ ತಲೆದೂಗಿದಳು.

"ನಾವೆಲ್ಲರೂ ಬಿಸಿಲು ಕಾಯಲು ಬಂಡೆಯ ಮೇಲೆ ಕೂಡಿದ ದಿನ ತೀರ್ಮಾನ ಮಾಡುತ್ತೇವೆ. ಆ ದಿನವೇ ನಿನಗೆ ಹೇಳಿಕಳಿಸುತ್ತೇನೆ."

ಮರುದಿನ ಮೋಡ ಕವಿಯಿತು. ಬಿಸಿಲಿಲ್ಲದ ಮೇಲೆ ಆಮೆಗಳು ಮೇಲೆ ಬರಲಿಲ್ಲ. ತೀಕ್ಷ್ಣಕಂಠ ಮಾತ್ರ ಬೆಳಗಾಗುತ್ತಲೇ ಹಾರಿಹೋಗಿ, ಅವು ಕೂಡುವ ಬಂಡೆಯ ಮೇಲೆಯೇ ನಿಂತ. ಅವು ತಲೆಯೆತ್ತಿದ ಕೂಡಲೇ ತನ್ನ ಮುಖವೇ ಕಾಣಬೇಕೆಂಬುದು ಅವನ ಲೆಕ್ಕಾಚಾರ.

ಆ ಕೆಲಸಕ್ಕೆ ಬಂದಿದ್ದ ಇನ್ನೊಬ್ಬಳು ನೀರುಕೋಳಿ. ಅವಳು ಎರಡನೆಯ ದಿನ ದಡಕ್ಕೆ ಬಂದು, ನೀರಿನತ್ತ ಬಾಗಿ, "ಅಜ್ಜಿ, ತೀರ್ಮಾನ ಆಗಿದೆಯೇ?" ಎಂದು ಕೇಳಿದಳು. "ಬಿಸಿಲು ಬರಲಿ, ತಾಯಿ," ಎಂಬ ಉತ್ತರ ಬಂತು. "ಆಗಲಿ," ಎಂದು ಅವಳು ಜೊಂಡಿನೊಳಗೆ ಹೊರಟುಹೋದಳು.

ಇದನ್ನು ಕಂಡ ಸಿಕತೆ ಗಂಡನಿಗೆ, "ನೀವೂ ಒಂದು ಸಲ ಕೇಳಿಬನ್ನಿ," ಎಂದಳು.

"ಬಾಯಿಬಿಟ್ಟು ಕೇಳಿದರೆ ನಾವು ಅಗ್ಗವಾಗಿಬಿಡುತ್ತೇವೆ. ಬೇಕಾದವರು ಅವರೇ ಕರೆಯಲಿ."

"ಕೇಳುವುದಕ್ಕೆ ನಾಚಿಕೆ, ಮೂರು ಹೊತ್ತೂ ಅವರ ಬಾಗಿಲಲ್ಲಿ ನಿಲ್ಲುವುದಕ್ಕೆ ಇಲ್ಲವೇ?" ಎಂದಳು ಸಿಕತೆ. ಅವನು ಮತ್ತೆ ಬಂಡೆಯತ್ತ ಹಾರಿದ.

ಮೂರನೆಯ ದಿನ ಬಂಡೆಯ ಬುಡದಲ್ಲಿದ್ದ ಕಪ್ಪೆ, "ಏನಯ್ಯಾ, ಕಾವಲು ಶುರುವಾಯಿತೋ, ಇನ್ನೂ ಇಲ್ಲವೋ?" ಎಂದು ನಕ್ಕಿತು.

ತೀಕ್ಷ್ಣಕಂಠನ ಮುಖ ಸಣ್ಣದಾಯಿತು. ತನಗೆ ಕೆಲಸ ತಪ್ಪಿರಬಹುದೆಂದು ಒಪ್ಪಿಕೊಳ್ಳಲಾರದೆ, ಬಾಯಿಗೆ ಬಂದದ್ದನ್ನು ಆಡಿದ: "ಆ ಕೆಲಸ ಯಾವತ್ತೋ ಆ ಕೊಕ್ಕರೆ ಬಕನ ಪಾಲಾಗಿದೆ. ಬಕ ಒಯ್ದ ಮೀನು ಕಲ್ಲಜ್ಜಿಯ ಮನೆ ಸೇರಿದೆ. ನಾನೇ ಕಣ್ಣಾರೆ ಕಂಡಿದ್ದೇನೆ."

ಹೇಳಿದ ಮೇಲೆ ಅದು ಅವನಿಗೇ ನಿಜವೆನಿಸತೊಡಗಿತು. ನಾಲ್ಕನೆಯ ದಿನ ಮೋಡ ಸರಿದು ಬಿಸಿಲು ಬಿದ್ದಾಗಲೂ, ಐದನೆಯ ದಿನವೂ ಅವನು ಅದೇ ಬಂಡೆಯ ಮೇಲೆ ನಿಂತು ಅದನ್ನೇ ಕೂಗಿ ಹೇಳುತ್ತಿದ್ದ. ಸುತ್ತಲಿನ ನೀರಿನಲ್ಲಿ ಸಣ್ಣ ಸಣ್ಣ ಸುಳಿಗಳೆದ್ದು ಮಾಯವಾದದ್ದನ್ನು ಗಮನಿಸಲಿಲ್ಲ.

ಆರನೆಯ ದಿನ ಕಲ್ಲಜ್ಜಿ ದಡವೇರಿ ಅವನನ್ನು ಕರೆದಳು.

"ತೀರ್ಮಾನ ನಿನ್ನೆ ಸಂಜೆ ಆಯಿತು, ಮಗು. ಬಂಡೆ ನಮಗೆ ತೆರವಾಗಲಿಲ್ಲ. ಆಚೆ ದಡದ ಕೆಸರಿನಲ್ಲಿಯೇ ಕೂಡಿದೆವು."

"ಬಂಡೆ... ತೆರವಾಗಲಿಲ್ಲವೇ?"

"ಬಿಸಿಲು ಬಂದ ದಿನವೇ ನಾವು ತಲೆಯೆತ್ತಿದ್ದೆವು. ನೀನು ಕೂಗಾಡುತ್ತಿದ್ದೆ. ನಮ್ಮದು ಅಂಜುಬುರುಕ ಜಾತಿ, ಮತ್ತೆ ಮುಳುಗಿದೆವು. ಆ ದಿನ ಕೂಡಿದ್ದರೆ ನಿನ್ನ ಹೆಸರನ್ನೇ ಹೇಳಬೇಕೆಂದಿದ್ದೆ. ಇಂಥ ಗಂಟಲು ಈ ಕೆರೆಯಲ್ಲಿ ಇನ್ನೊಂದಿಲ್ಲ."

ತೀಕ್ಷ್ಣಕಂಠ ಕಣ್ಣರಳಿಸಿ ಒಂದು ಹೆಜ್ಜೆ ಮುಂದೆ ಬಂದ. ಕಲ್ಲಜ್ಜಿ ಅಲ್ಲಿಗೇ ನಿಲ್ಲಿಸಲಿಲ್ಲ.

"ಮುಳುಗಿದ ಮೇಲೂ ನಿನ್ನ ಮಾತು ಕೇಳಿಸುತ್ತಿತ್ತು. ಬಕ ಮೀನು ತಂದದ್ದನ್ನು ನೀನು ಕಂಡೆಯಾ?"

ಅವನು ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕಿಟ್ಟ. "ಇಲ್ಲ, ಅಜ್ಜಿ."

"ಕಾಣದ್ದನ್ನು ಕಂಡೆನೆಂದು ಕೂಗುವವನು ನಾಳೆ ಮುಂಗುಸಿ ಬಂತೆಂದರೆ, ನಮ್ಮವರು ಯಾವ ಧೈರ್ಯದಿಂದ ಎದ್ದು ಬರಬೇಕು? ನೀರುಕೋಳಿಯ ದನಿ ಸಣ್ಣದು. ಆದರೂ ಅವಳಿಗೇ ಹೇಳಿಕಳಿಸಿದ್ದೇವೆ."

ಅವನು ಕಾಲೆಳೆಯುತ್ತ ಬಕನ ಬಳಿಗೆ ಹೋದ.

"ಅಣ್ಣ, ನಿನ್ನ ಮೇಲೆ ಸುಳ್ಳು ಹೊರಿಸಿದೆ. ತಪ್ಪಾಯಿತು."

ಬಕ ನೀರಿನಿಂದ ದೃಷ್ಟಿ ಕೀಳಲಿಲ್ಲ. "ನಾನು ಆ ಕೆಲಸ ಕೇಳಿರಲೇ ಇಲ್ಲ. ಮೂರು ದಿನದಿಂದ ಕಪ್ಪೆಗಳೂ ನನ್ನನ್ನು ಲಂಚ ಕೊಟ್ಟವನೆನ್ನುತ್ತಿವೆ. ಅವಕ್ಕೂ ಹೇಳಿಬಿಡು."

ಅವನು ಒಂದೊಂದೇ ಕಪ್ಪೆಯ ಬಳಿ ಹೋಗಿ ಹೇಳಿದ.

ಸಿಕತೆ ಕಾಯುತ್ತ ನಿಂತಿದ್ದಳು. "ದಿಬ್ಬಕ್ಕೆ ಇವತ್ತೇ ಹೋಗೋಣವೇ? ಇನ್ನು ತಡೆಯಲಾರೆ," ಎಂದಳು.

"ಕೆಲಸ ನೀರುಕೋಳಿಗೆ ಸಿಕ್ಕಿತು. ಕೆಡಿಸಿಕೊಂಡವನು ನಾನೇ," ಎಂದು ಅವನು ಎಲ್ಲವನ್ನೂ ಹೇಳಿದ.

ಅವಳು ಬೈಯಲಿಲ್ಲ. ಮುಳ್ಳುಪೊದೆಯ ಪಕ್ಕದಲ್ಲಿ ಒಂದಿಷ್ಟು ನೆಲ ಕೆದರಿ ಮೊಟ್ಟೆಯಿಡಲು ಕುಳಿತಳು. ಅವನು ಬೆಣಚುಕಲ್ಲುಗಳನ್ನು ಒಂದೊಂದಾಗಿ ತಂದು ಅವಳ ಸುತ್ತ ಇಟ್ಟ. ಕಡೆಯ ಕಲ್ಲನ್ನು ಇಡುವವರೆಗೂ ಅವಳ ಮುಖ ನೋಡಲಿಲ್ಲ.

ನೀತಿ: ಉತ್ತರ ತಡವಾದರೆ ವಿನಯದಿಂದ ಒಮ್ಮೆ ಕೇಳಿ, ತಾಳ್ಮೆಯಿಂದ ಕಾಯಬೇಕು; ತಡವಾಯಿತೆಂದು ಇಲ್ಲದ ದೋಷ ಹೊರಿಸುವವನು ಸಿಗಬಹುದಾದ ಕೆಲಸವನ್ನೂ, ತನ್ನ ಮಾತಿನ ಬೆಲೆಯನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ.